ಅಗ್ರಿಮೆಂಟ್ ಸಾಫ್ಟ್‌ವೇರ್‌ನಲ್ಲಿ ನಮ್ಮದೇ ಡೇಟುಗಳು, ರಿಮೈಂಡರ್‌ಗಳು: ಯಾರ್ಯಾರು ಹೇಗೆ ಇಟ್ಕೊಂಡಿದ್ದೀರಿ?

ಪೀಣ್ಯ_ಅಡ್ಮಿನ್
ಪೀಣ್ಯದಲ್ಲಿ ಒಂದು ಮಶೀನಿಂಗ್ ಯೂನಿಟ್, ಅಡ್ಮಿನ್ನೂ ಪರ್ಚೇಸೂ ಎರಡೂ ನನ್ ತಲೆ ಮೇಲೇ. ಶೆಡ್ ಬಾಡಿಗೆ, ಡೀಜಿ (ಡೀಸೆಲ್ ಜನರೇಟರ್) ಮತ್ತೆ ಕಂಪ್ರೆಸರ್ ಎಎಂಸಿ (ವರ್ಷದ ಮೇಂಟೆನೆನ್ಸ್ ಕಾಂಟ್ರ್ಯಾಕ್ಟ್), ಸೆಕ್ಯುರಿಟಿ, ಕ್ಯಾಂಟೀನು, ಲೇಬರ್ ಕಾಂಟ್ರ್ಯಾಕ್ಟರು, ಕಸ್ಟಮರ್‌ಗೆ ಕೊಟ್ಟಿರೋ ಬ್ಯಾಂಕ್ ಗ್ಯಾರಂಟಿಗಳು (ನಾವು ಮಾತು ತಪ್ಪಿದ್ರೆ ದುಡ್ಡು ಕೊಡ್ತೀವಿ ಅಂತ ಬ್ಯಾಂಕ್ ಬರೆದುಕೊಡೋದು), ಎನ್‌ಡಿಎಗಳು (ಗುಟ್ಟು ಕಾಪಾಡೋ ಒಪ್ಪಂದ) ಎಲ್ಲಾ ಸೇರಿದ್ರೆ ನೂರು ದಾಟುತ್ತೆ. ಇಷ್ಟು ವರ್ಷ ಎಕ್ಸೆಲ್ ಶೀಟಿಗೆ ಕೆಂಪು ಹಳದಿ ಬಳ್ಕೊಂಡು ಕಾಲ ಹಾಕಿದ್ವಿ, ಈಗ ಇಆರ್‌ಪಿನೆಕ್ಸ್ಟ್ ಅನ್ನೋ ಕಂಪನಿ ವ್ಯವಹಾರದ ಸಾಫ್ಟ್‌ವೇರ್ ಬಂದಿದೆ. ಅದ್ರಲ್ಲಿ ಕಾಂಟ್ರ್ಯಾಕ್ಟ್ ಅನ್ನೋ ಫಾರ್ಮ್ ತೆಗೆದ್ರೆ ಸ್ಟಾರ್ಟ್ ಡೇಟು, ಎಂಡ್ ಡೇಟು, ಬೇಕಾದ್ರೆ ಒಂದು ಫುಲ್‌ಫಿಲ್‌ಮೆಂಟ್ ಡೆಡ್‌ಲೈನು, ಅಷ್ಟೇ. ನಂಗೆ ಲಾಕ್‌ಇನ್ (ಮಧ್ಯದಲ್ಲಿ ಬಿಡೋ ಹಾಗಿಲ್ಲದ ಅವಧಿ) ಮುಗಿಯೋ ದಿನ ಬೇಕು, ಬಾಡಿಗೆ ಏರೋ ದಿನ ಬೇಕು, ಗ್ಯಾರಂಟಿ ದಿನ ಬೇಕು. ಮೇಲಿನೋರು "ಎಲ್ಲದಕ್ಕೂ 30 ದಿನ ಮುಂಚೆ ಒಂದು ಮೇಲ್ ಬರೋ ಹಾಗೆ ಮಾಡ್ಬಿಡಿ, ಮುಗೀತು" ಅಂತಾರೆ. ಅಷ್ಟು ಸಾಕಾ? ಬಳಸ್ತಿರೋರು ಇದ್ರೆ ಸ್ವಲ್ಪ ಹೇಳಿ.

ಬೆಂಚ್_ಹುಡುಗ
ಫೀಲ್ಡ್ ಸೇರ್ಸೋದು ಎರಡು ನಿಮಿಷದ ಕೆಲ್ಸ ಸಾರ್. ಕಸ್ಟಮೈಸ್ ಫಾರ್ಮ್‌ಗೆ ಹೋಗಿ ಕಾಂಟ್ರ್ಯಾಕ್ಟ್ ಆರಿಸಿ, ಒಂದು ರೋ ಸೇರ್ಸಿ, ಟೈಪ್ ಡೇಟ್ ಅಂತ ಕೊಡಿ, ಅಪ್‌ಡೇಟ್ ಒತ್ತಿ. ಕಾಂಟ್ರ್ಯಾಕ್ಟ್ ಸಬ್ಮಿಟ್ ಆಗೋ ಡಾಕ್ಯುಮೆಂಟು, ಸಬ್ಮಿಟ್ ಆದ್ಮೇಲೆ ಲಾಕ್ ಆಗುತ್ತೆ, ಆಮೇಲೂ ತಾರೀಖು ತಿದ್ದೋ ಹಾಗಿರ್ಬೇಕು ಅಂದ್ರೆ ಆ ಫೀಲ್ಡ್‌ಗೆ "ಅಲೋ ಆನ್ ಸಬ್ಮಿಟ್" ಟಿಕ್ ಮೊದಲೇ ಹಾಕ್ಬಿಡಿ, ಇಲ್ಲಾಂದ್ರೆ ಪ್ರತಿ ಸಲ ಕ್ಯಾನ್ಸಲ್ ಮಾಡಿ ಅಮೆಂಡ್ ಮಾಡೋ ರಾಮಾಯಣ.

ರಿಮೈಂಡರ್‌ಗೆ ನೋಟಿಫಿಕೇಶನ್ ಅಂತ ಬೇರೆ ಇದೆ. ಡಾಕ್ಯುಮೆಂಟ್ ಟೈಪ್ ಕಾಂಟ್ರ್ಯಾಕ್ಟ್, "ಸೆಂಡ್ ಅಲರ್ಟ್ ಆನ್" ಅನ್ನೋ ಕಡೆ "ಡೇಸ್ ಬಿಫೋರ್", ಯಾವ ಡೇಟ್ ಫೀಲ್ಡು, ಎಷ್ಟು ದಿನ ಮುಂಚೆ, ಯಾರಿಗೆ ಹೋಗ್ಬೇಕು, ಇಷ್ಟು ತುಂಬಿ. ಕಂಡೀಶನ್‌ನಲ್ಲಿ ಸ್ಟೇಟಸ್ ಆಕ್ಟಿವ್ ಇದ್ರೆ ಮಾತ್ರ ಅಂತ ಹಾಕಿ, ಬಿಟ್ಟುಹೋದ ವೆಂಡರ್ ಬಗ್ಗೆ ಮೇಲ್ ಬರೋದು ತಪ್ಪುತ್ತೆ. ಒಂದು ನೋಟಿಫಿಕೇಶನ್‌ಗೆ ಒಂದೇ ಸಂಖ್ಯೆ, ಅಂದ್ರೆ 90, 60, 30 ಬೇಕಿದ್ರೆ ಮೂರು ಮಾಡ್ಬೇಕು, ಒಂದನ್ನ ಮಾಡಿ ಡೂಪ್ಲಿಕೇಟ್ ತೆಗೆದ್ರಾಯ್ತು. ಇನ್ನು ಶೆಡ್ಯೂಲರ್ (ಟೈಮಿಗೆ ತಾನಾಗೇ ಕೆಲ್ಸ ಓಡಿಸೋ ಭಾಗ) ಆನ್ ಇರ್ಬೇಕು, ಹೊರಗೆ ಹೋಗೋ ಇಮೇಲ್ ಅಕೌಂಟ್ ಸೆಟ್ ಆಗಿರ್ಬೇಕು, ಈ ಎರಡು ಇಲ್ದೆ ಏನ್ ಮಾಡಿದ್ರೂ ಒಂದು ಮೇಲೂ ಹೋಗಲ್ಲ.

ಸಿಂಪಲ್_ಸೀನ
ಇಷ್ಟಕ್ಕೆಲ್ಲಾ ಸಾಫ್ಟ್‌ವೇರಾ ಗುರು, ಗೂಗಲ್ ಕ್ಯಾಲೆಂಡರ್‌ನಲ್ಲಿ ಹಾಕಿ ಬಿಸಾಕು.

ಕರಾರು_ಓದೋಳು
ಸೀನ ಅವ್ರೇ, ಕ್ಯಾಲೆಂಡರ್ ಇರೋದು ಒಬ್ಬರ ಅಕೌಂಟಲ್ಲಿ. ಅವ್ರು ಕೆಲ್ಸ ಬಿಟ್ಟ ದಿನ ಐಟಿಯವ್ರು ಅಕೌಂಟ್ ಮುಚ್ತಾರೆ, ಅದ್ರ ಜೊತೆ ರಿಮೈಂಡರ್‌ಗಳೂ ಹೋಗ್ತವೆ. ಎರಡನೇ ಕಾಪಿ ಅಂತ ಇಟ್ಕೊಂಡ್ರೆ ತಪ್ಪೇನಿಲ್ಲ.

ಪೀಣ್ಯ ಸಾರ್, ನಾನು ಒಂದು ಕಂಪನಿ ಲೀಗಲ್ ಟೀಮಲ್ಲಿ ಇದ್ದೀನಿ, ದಿನಾ ಇದೇ ಕೆಲ್ಸ. ನಿಮ್ಮ ಮೇಲಿನೋರು ಹೇಳಿದ 30 ದಿನ ಬಹಳಷ್ಟು ಅಗ್ರಿಮೆಂಟ್‌ಗೆ ಉಪಯೋಗಕ್ಕೇ ಬರಲ್ಲ. ಒಂದು ಉದಾಹರಣೆ ತಗೊಳ್ಳಿ, ಅಗ್ರಿಮೆಂಟ್ 2026ರ ನವೆಂಬರ್ 30ಕ್ಕೆ ಮುಗಿಯುತ್ತೆ, ಒಳಗಡೆ ಒಂದು ಕ್ಲಾಸ್ (ಷರತ್ತು) ಇದೆ, ಮುಗಿಯೋಕೆ ಮೂರು ತಿಂಗಳು ಮುಂಚೆ ಬೇಡ ಅಂತ ಬರೆದು ನೋಟೀಸ್ ಕೊಡದೇ ಇದ್ರೆ ಇನ್ನೊಂದು ವರ್ಷಕ್ಕೆ ತಾನಾಗೇ ಮುಂದುವರಿಯುತ್ತೆ ಅಂತ. ನಿಮ್ಮ 30 ದಿನದ ಮೇಲ್ ಬರೋದು ಅಕ್ಟೋಬರ್ 31ಕ್ಕೆ. ನೋಟೀಸ್ ಗಡುವು ಆಗಸ್ಟಲ್ಲೇ ಮುಗಿದಿರುತ್ತೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯ್ತು. ಎಂಡ್ ಡೇಟ್ ಅನ್ನೋದು ಫೈಲಲ್ಲಿ ಇರ್ಲಿ, ರಿಮೈಂಡರ್ ಕಟ್ಟಬೇಕಾಗಿರೋದು ನಾವು ಏನಾದ್ರೂ ಮಾಡೋಕೆ ಉಳಿದಿರೋ ಕೊನೇ ದಿನಕ್ಕೆ. ಅದಕ್ಕೆ ಅಂತಲೇ ಒಂದು ಕಸ್ಟಮ್ ಫೀಲ್ಡ್ ಮಾಡಿ, "ನೋಟೀಸ್ ಕೊಡೋ ಕೊನೇ ದಿನ" ಅಂತ ಹೆಸರಿಡಿ, ಎಲ್ರಿಗೂ ಅರ್ಥ ಆಗುತ್ತೆ.

ಆ ದಿನ ಲೆಕ್ಕ ಹಾಕೋವಾಗ ಇನ್ನೊಂದು ಕಿರಿಕ್ ಇದೆ. ಕ್ಲಾಸ್‌ನಲ್ಲಿ ಮೂರು ತಿಂಗಳು ಅಂತಿದ್ರೆ ಸಾಫ್ಟ್‌ವೇರ್‌ನಲ್ಲಿ 90 ದಿನ ಅಂತ ಹಾಕ್ಬೇಡಿ. ಮೇಲಿನ ಉದಾಹರಣೆಗೇ ಮೂರು ತಿಂಗಳು ಹಿಂದಕ್ಕೆ ಹೋದ್ರೆ ಆಗಸ್ಟ್ 30, 90 ದಿನ ಹಿಂದಕ್ಕೆ ಹೋದ್ರೆ ಸೆಪ್ಟೆಂಬರ್ 1. ಎರಡು ದಿನ ವ್ಯತ್ಯಾಸ, ಅದೂ ನಮಗೆ ಆಗದಿರೋ ಕಡೆಗೆ. ಎಕ್ಸೆಲ್‌ನಲ್ಲಿ ಇಡೇಟ್ ಫಾರ್ಮುಲಾ ತಿಂಗಳ ಲೆಕ್ಕಾನೇ ಮಾಡುತ್ತೆ, ಅದರಲ್ಲಿ ತೆಗೆದು ಫೀಲ್ಡ್‌ಗೆ ಹಾಕಿ. ಈಗ ಕ್ಯಾಲೆಂಡರ್ ತೆಗೆದು ನೋಡಿ, 2026ರ ಆಗಸ್ಟ್ 30 ಭಾನುವಾರ. ನೋಟೀಸ್ ಅವ್ರ ಕೈ ಸೇರಿರ್ಬೇಕು ಅಂತ ಬರೆದಿದ್ರೆ ಭಾನುವಾರ ಯಾರು ತಗೋತಾರೆ? ಹೊಸ ಕೊಟೇಶನ್ ತರ್ಸೋಕೆ, ಎಂಡಿ ಸೈನ್ ಹಾಕ್ಸೋಕೆ ಬೇರೆ ಟೈಮ್ ಬೇಕು. ಹಾಗಾಗಿ ನಮ್ಮಲ್ಲಿ ಇನ್ನೂ ಒಂದು ಫೀಲ್ಡ್ ಇದೆ, "ತೀರ್ಮಾನ ಶುರು ಮಾಡೋ ದಿನ". ದೊಡ್ಡ ಕಾಂಟ್ರ್ಯಾಕ್ಟ್‌ಗೆ ನೋಟೀಸ್ ದಿನಕ್ಕಿಂತ ಎರಡು ತಿಂಗಳು ಮುಂಚೆ ಇಡ್ತೀವಿ, ನೀರಿನ ಕ್ಯಾನ್ ಸಪ್ಲೈ ಥರದ್ದಕ್ಕೆ ಎರಡು ವಾರ ಸಾಕು.

ಅಂದ ಹಾಗೆ ಹಳೇ ಅಗ್ರಿಮೆಂಟ್‌ಗಳಲ್ಲಿ ನೋಟೀಸನ್ನ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸ್ಬೇಕು ಅಂತಿರುತ್ತಲ್ಲ, 2025ರಲ್ಲಿ ಅಂಚೆ ಇಲಾಖೆ ಅದನ್ನ ಸ್ಪೀಡ್ ಪೋಸ್ಟ್ ಒಳಗೆ ಸೇರಿಸ್ಬಿಟ್ಟಿದೆ. ಹೊಸದಾಗಿ ಬರೆಸೋ ಅಗ್ರಿಮೆಂಟಲ್ಲಿ ಆ ಸಾಲು ಬದಲಾಯಿಸ್ಕೊಳ್ಳಿ, ಇಮೇಲ್ ನೋಟೀಸೂ ನಡೆಯುತ್ತೆ ಅಂತ ಬರೆಸ್ಕೊಂಡ್ರೆ ಇನ್ನೂ ವಾಸಿ.

ಪೀಣ್ಯ_ಅಡ್ಮಿನ್
ಮೇಡಂ ಇದು ಹೊಳೆದೇ ಇರ್ಲಿಲ್ಲ. ನಮ್ಮ ಶೆಡ್ ಅಗ್ರಿಮೆಂಟಲ್ಲಿ ನೋಟೀಸ್ ಬಗ್ಗೆ ಒಂದಕ್ಷರ ಇಲ್ಲ, ಓನರ್ರು ಹಳೇ ಕಾಲದವ್ರು, ಎಲ್ಲಾ ಬಾಯ್ಮಾತಲ್ಲೇ. ಆ ಫೀಲ್ಡಲ್ಲಿ ಏನ್ ಹಾಕ್ಲಿ?

ಕರಾರು_ಓದೋಳು
ಅಗ್ರಿಮೆಂಟ್ ಸುಮ್ನಿದ್ರೆ ಕಾನೂನು ಮಾತಾಡುತ್ತೆ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಸೆಕ್ಷನ್ 106 ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ರೆ ಮ್ಯಾನ್ಯುಫ್ಯಾಕ್ಚರಿಂಗ್‌ಗೆ ಕೊಟ್ಟ ಜಾಗದ ಬಾಡಿಗೆ ವರ್ಷದಿಂದ ವರ್ಷಕ್ಕೆ ಅಂತ ಲೆಕ್ಕ, ಬಿಡಿಸೋಕೆ ಆರು ತಿಂಗಳ ನೋಟೀಸು. ಮನೆ, ಅಂಗಡಿ, ಆಫೀಸಿನಂಥ ಬೇರೆ ಉದ್ದೇಶಕ್ಕಾದ್ರೆ ತಿಂಗಳಿಂದ ತಿಂಗಳಿಗೆ, 15 ದಿನದ ನೋಟೀಸು. ನಿಮ್ಮದು ಯಾವುದರಲ್ಲಿ ಬರುತ್ತೆ ಅನ್ನೋದು ಪೇಪರ್ ನೋಡಿದ ವಕೀಲರೇ ಹೇಳ್ಬೇಕು, ರಿಜಿಸ್ಟರ್ ಆಗಿದ್ಯಾ ಇಲ್ವಾ ಅನ್ನೋದೂ ನಡುವೆ ಬರುತ್ತೆ. ಸದ್ಯಕ್ಕೆ ಆರು ತಿಂಗಳು ಅಂತಲೇ ಹಾಕಿಡಿ, ಮುಂಚೆ ಮೇಲ್ ಬಂದ್ರೆ ನಷ್ಟ ಇಲ್ಲ. ಮತ್ತೆ 11 ತಿಂಗಳ ಅಗ್ರಿಮೆಂಟ್ ಇದ್ರೆ ಎಂಡ್ ಡೇಟ್ ಸರಿಯಾಗಿ ಹಾಕಿ, ಜೂನ್ 1ರಿಂದ 11 ತಿಂಗಳು ಅಂದ್ರೆ ಏಪ್ರಿಲ್ 30. ಡೇಟಾ ಎಂಟ್ರಿ ಮಾಡೋ ಹುಡುಗ್ರು ಮೇ 1 ಅಂತ ಹಾಕೋದು ಬಹಳ ಸಲ ನೋಡಿದ್ದೀನಿ.

ಹುಬ್ಬಳ್ಳಿ_ಸ್ಟೋರ್ಸ್
ನಮ್ಮ ಕಡೆ ಒಂದು ತ್ರಾಸ ಐತ್ರಿ, ಬೆಂಚ್ ತಮ್ಮಾ ಸ್ವಲ್ಪ ಹೇಳಪಾ. ಹಳೇ ಅಗ್ರಿಮೆಂಟ್ ಎಲ್ಲಾ ಈಗಷ್ಟ ಸಿಸ್ಟಮ್ಮಿನ್ಯಾಗ ಏರಿಸೇವಿ, ಅದ್ರಾಗ ಕೆಲವು ಇನ್ನ ಇಪ್ಪತ್ತು ಇಪ್ಪತ್ತೈದು ದಿನದಾಗ ಮುಗಿಯೂವು ಅದಾವು. 60ಕ್ಕ ಒಂದು, 30ಕ್ಕ ಒಂದು ನೋಟಿಫಿಕೇಶನ್ ಹಾಕೇವಿ. ಒಂದಕ್ಕೂ ಮೇಲ್ ಬರವಲ್ದು. ಶೆಡ್ಯೂಲರ್ ಚಾಲೂ ಐತಿ, ಟೆಸ್ಟ್ ಮೇಲ್ ಹೋಗ್ತಾವು. ಎಲ್ಲಿ ಗಂಟು ಬಿದ್ದೈತಿ ತಿಳಿವಲ್ದು ನೋಡು.

ಬೆಂಚ್_ಹುಡುಗ
ಅಣ್ಣಾ, ಅದು ಕೆಟ್ಟಿಲ್ಲ, ಅದು ಕೆಲ್ಸ ಮಾಡೋದೇ ಹಾಗೆ. 30 ದಿನ ಮುಂಚೆ ಅಂತ ಹಾಕಿದ್ರೆ ದಿನಕ್ಕೊಂದು ಸಲ ಅದು ನೋಡೋದು ಇವತ್ತಿಗೆ ಸರಿಯಾಗಿ 30 ದಿನ ಆದ್ಮೇಲಿನ ತಾರೀಖು ಯಾವ ಡಾಕ್ಯುಮೆಂಟಲ್ಲಿದೆ ಅಂತ. 29 ಉಳಿದಿದ್ರೂ ಇಲ್ಲ, 31 ಉಳಿದಿದ್ರೂ ಇಲ್ಲ. ನೀವು ಏರಿಸೋ ಹೊತ್ತಿಗೆ 25 ದಿನ ಉಳಿದಿತ್ತು ಅಂದ್ರೆ 60ರದ್ದೂ 30ರದ್ದೂ ದಾಟಿಹೋಗಿದೆ, ಇನ್ಯಾವತ್ತೂ ಬರಲ್ಲ. ಸರ್ವರ್ ಒಂದು ದಿನ ಪೂರ್ತಿ ಮಲಗಿದ್ರೂ ಆ ದಿನದ್ದು ಹೋದಂಗೇ. ಡೇಟ್ ಫೀಲ್ಡ್ ಖಾಲಿ ಬಿಟ್ಟಿದ್ರೂ ಎರರ್ ಬರಲ್ಲ, ಮೇಲೂ ಬರಲ್ಲ, ಸುಮ್ನೆ ಇರುತ್ತೆ. ಆ ಸುಮ್ನಿರೋದೇ ಡೇಂಜರು, ಯಾಕಂದ್ರೆ ಮೇಲ್ ಬರ್ತಿಲ್ಲ ಅಂದ್ರೆ ಎಲ್ಲಾ ಸರಿಯಿದೆ ಅಂತ ಜನ ಅಂದ್ಕೋತಾರೆ.

ಅದಕ್ಕೆ ನೋಟಿಫಿಕೇಶನ್ ಒಂದನ್ನೇ ನಂಬ್ಕೊಂಡು ಕೂರ್ಬೇಡಿ. ಆಟೋ ಇಮೇಲ್ ರಿಪೋರ್ಟ್ ಅಂತ ಇದೆ, ವಾರಕ್ಕೊಂದು ಸಲ ಸೋಮವಾರ ಪಟ್ಟಿ ಕಳಿಸೋ ಹಾಗೆ ಇಡಿ. ಫಿಲ್ಟರ್ ಜಾಸ್ತಿ ಹಾಕಕ್ಕೆ ಹೋಗ್ಬೇಡಿ, ಆಕ್ಟಿವ್ ಇರೋವೆಲ್ಲಾ, ನೋಟೀಸ್ ದಿನದ ಪ್ರಕಾರ ಸಾರ್ಟ್ ಮಾಡಿ. ದಿನ ದಾಟಿರೋವು, ಖಾಲಿ ಇರೋವು ಎಲ್ಲಾ ಅದ್ರಲ್ಲಿ ಕಣ್ಣಿಗೆ ಬೀಳುತ್ತೆ.

ಹುಬ್ಬಳ್ಳಿ_ಸ್ಟೋರ್ಸ್
ಹಂಗಂತೀ. ಈಗ ತಿಳೀತು ನೋಡು. ಅಂದ್ರ ಹೊಸದಾಗಿ ಏರಿಸೋ ಮುಂದ 60 ದಿನದ ಒಳಗಿನವು ಎಲ್ಲಾ ಬ್ಯಾರೆ ತಗದು ಕೈಯಿಂದ ನೋಡಬೇಕು. ಇಂದ ಸಂಜೀಕನ ಕುಂತು ಮಾಡ್ತೀವಿ.

ಇನ್ನೊಂದು ಮಾತ ನನ್ನ ಕಡಿಂದ. ರಿಮೈಂಡರ್ ಯಾರಿಗೆ ಹೋಗಬೇಕು ಅನ್ನೂದು ಎಷ್ಟ ದಿನ ಮುಂಚೆ ಅನ್ನೂದಕ್ಕಿಂತ ದೊಡ್ಡದು. ನಮ್ಮಲ್ಲಿ ಮದಲ ಹತ್ತು ಮಂದಿಗೆ ಹೋಗ್ತಿತ್ತು, ಹತ್ತೂ ಮಂದಿ ಇನ್ನೊಬ್ರು ನೋಡ್ತಾರ ಬಿಡು ಅಂತ ಕುಂತಿದ್ರು. ಈಗ ಒಂದು ಅಗ್ರಿಮೆಂಟಿಗೆ ಒಬ್ಬ ಮಾಲಕ, ಅವ್ಗ ಮದಲ ಹೋಗ್ತದ, ಮುಗಿಸಿಲ್ಲ ಅಂದ್ರ ಕಡೀದು ಅವ್ನ ಮ್ಯಾನೇಜರ್‌ಗೆ. ಕಾಪಿ ಒಂದು ಡಿಪಾರ್ಟ್‌ಮೆಂಟ್ ಮೇಲ್ ಐಡಿಗೆ, ಮಂದಿ ಬಿಟ್ಟು ಹೋದ್ರೂ ಐಡಿ ಅಲ್ಲೇ ಇರ್ತದ.

ಪೀಣ್ಯ_ಅಡ್ಮಿನ್
ಸರಿ, ಈಗ ಇನ್ನೊಂದು ಡೌಟು. ಬಾಡಿಗೆ ಅಗ್ರಿಮೆಂಟ್ ಒಂದಕ್ಕೇ ಲಾಕ್‌ಇನ್, ಬಾಡಿಗೆ ಶುರು, ಪ್ರತಿ ವರ್ಷದ ಏರಿಕೆ, ನೋಟೀಸ್, ಡೆಪಾಸಿಟ್ ವಾಪಸ್ ಅಂತ ಏಳೆಂಟು ಡೇಟ್ ಆಯ್ತು. ಎಎಂಸಿಗೆ ಮೂರು ತಿಂಗಳಿಗೊಂದು ಸರ್ವಿಸ್ ದಿನ. ಎಲ್ಲಾ ಫೀಲ್ಡ್ ಮಾಡ್ತಾ ಹೋದ್ರೆ ಫಾರ್ಮ್ ಮಾರುದ್ದ ಆಗುತ್ತೆ, ಎನ್‌ಡಿಎ ತೆಗೆದ್ರೆ ಮುಕ್ಕಾಲು ಭಾಗ ಖಾಲಿ.

ಬೆಂಚ್_ಹುಡುಗ
ಫೀಲ್ಡ್ ಮಾಡ್ಬೇಡಿ ಸಾರ್, ತಾರೀಖುಗಳಿಗೇ ಅಂತ ಒಂದು ಹೊಸ ಡಾಕ್‌ಟೈಪ್ (ಅಂದ್ರೆ ಬೇರೆಯದೇ ಒಂದು ಫಾರ್ಮ್) ಮಾಡ್ಕೊಳ್ಳಿ, ಕೋಡ್ ಬರೆಯೋದು ಬೇಡ, ಅಡ್ಮಿನ್ ಲಾಗಿನ್ ಇದ್ರೆ ಸ್ಕ್ರೀನಲ್ಲೇ ಆಗುತ್ತೆ. ಅದ್ರಲ್ಲಿ ಯಾವ ಕಾಂಟ್ರ್ಯಾಕ್ಟ್ ಅನ್ನೋ ಲಿಂಕು, ಏನು ಕೆಲ್ಸ, ಕೊನೇ ದಿನ, ನೆನಪಿಸೋ ದಿನ, ಯಾರ ಕೆಲ್ಸ, ಮುಗೀತಾ ಇಲ್ವಾ. ಒಂದು ತಾರೀಖಿಗೆ ಒಂದು ಎಂಟ್ರಿ. ಶೆಡ್‌ಗೆ ಎಂಟು ಎಂಟ್ರಿ ಇರ್ಲಿ, ಎನ್‌ಡಿಎಗೆ ಎರಡೇ ಇರ್ಲಿ, ಯಾರಿಗೂ ತೊಂದ್ರೆ ಇಲ್ಲ. ನೋಟಿಫಿಕೇಶನ್ ಈ ಡಾಕ್‌ಟೈಪ್ ಮೇಲೆ ಹಾಕಿದ್ರೆ ಒಂದೇ ನಿಯಮ ಎಲ್ಲಾ ಥರದ ತಾರೀಖಿಗೂ ನಡೆಯುತ್ತೆ, ಕಂಡೀಶನ್‌ನಲ್ಲಿ "ಮುಗಿದಿಲ್ಲ" ಅನ್ನೋದು ಸೇರ್ಸಿ, ಕೆಲ್ಸ ಮುಗಿಸಿದೋರಿಗೆ ಮತ್ತೆ ಮತ್ತೆ ಮೇಲ್ ಹೋಗಲ್ಲ. ಕಾಂಟ್ರ್ಯಾಕ್ಟ್ ಒಳಗೇ ಚೈಲ್ಡ್ ಟೇಬಲ್ (ಫಾರ್ಮ್ ಒಳಗಿನ ಸಾಲುಗಳ ಪಟ್ಟಿ) ಮಾಡೋಣ ಅನ್ಸುತ್ತೆ, ಆದ್ರೆ ಡೇಸ್ ಬಿಫೋರ್‌ಗೆ ಸಾಲಿನೊಳಗಿನ ತಾರೀಖು ನೇರವಾಗಿ ಸಿಗಲ್ಲ, ಹಾಗಾಗಿ ಬೇರೆ ಡಾಕ್‌ಟೈಪೇ ಮೇಲು.

ಬೇರೆ ಕಾಂಟ್ರ್ಯಾಕ್ಟ್ ಸಾಫ್ಟ್‌ವೇರ್ ಬಳಸೋರು ಒಂದ್ಸಲ ಇದನ್ನೇ ಕೇಳ್ಕೊಳ್ಳಿ, ಅದು ಆ ದಿನ ಮಾತ್ರ ನೋಡುತ್ತಾ, ಇಲ್ಲಾ ದಿನ ದಾಟಿದ್ರೂ ಮುಗಿಸೋವರೆಗೂ ನೆನಪಿಸುತ್ತಾ ಅಂತ. ಡೆಮೋ ಕೊಡೋಕೆ ಬಂದೋರ ಮುಂದೆ 25 ದಿನ ಉಳಿದಿರೋ ಒಂದು ಡಮ್ಮಿ ಅಗ್ರಿಮೆಂಟ್ ಹಾಕ್ಸಿ 30 ದಿನದ ರಿಮೈಂಡರ್ ಇಡಿಸಿ, ಉತ್ತರ ಅಲ್ಲೇ ಗೊತ್ತಾಗುತ್ತೆ.

ಜರ್ಸಿ_ಕನ್ನಡಿಗ
ಎಕ್ಸೆಲ್‌ನಿಂದ ಒಟ್ಟಿಗೆ ಇಂಪೋರ್ಟ್ ಮಾಡೋರು ಒಂದು ನೋಡ್ಕೊಳ್ಳಿ. ನಾನಿರೋದು ನ್ಯೂಜರ್ಸಿ, ಇಲ್ಲಿ ತಿಂಗಳು ಮೊದಲು ಬರೀತಾರೆ, ನಮ್ಮ ಬೆಂಗಳೂರು ಆಫೀಸಲ್ಲಿ ದಿನ ಮೊದಲು. 07/08/2026 ಅಂದ್ರೆ ಅಲ್ಲಿ ಆಗಸ್ಟ್ 7, ಇಲ್ಲಿ ಜುಲೈ 8. ಇಂಥದ್ದು ಎರರ್ ಕೊಡದೇ ಒಳಗೆ ಹೋಗ್ಬಿಡುತ್ತೆ. ದಿನ 12 ದಾಟಿದ್ರೆ ಮಾತ್ರ ಸಿಕ್ಕಿಹಾಕ್ಕೊಳ್ಳುತ್ತೆ, ಆಗ ಎಕ್ಸೆಲ್ ಅದನ್ನ ತಾರೀಖು ಅಂತ ಒಪ್ಪದೇ ಟೆಕ್ಸ್ಟ್ ಆಗಿ ಬಿಡುತ್ತೆ. ಕಾಲಮ್ ಅಗಲ ಮಾಡಿ ನೋಡಿ, ನಿಜವಾದ ತಾರೀಖುಗಳು ಬಲಕ್ಕೆ ಅಂಟಿರ್ತವೆ, ಟೆಕ್ಸ್ಟ್ ಆಗಿರೋವು ಎಡಕ್ಕೆ. ಎಡಬಲ ಬೆರೆತಿದೆ ಅಂದ್ರೆ ಬಲಕ್ಕಿರೋವೂ ತಿರುಗಾಮುರುಗಾ ಆಗಿರೋ ಸಾಧ್ಯತೆ ಇದೆ ಅಂತಲೇ ಅರ್ಥ, ಎಲ್ಲಾ ಪೇಪರ್ ತೆಗೆದು ತಾಳೆ ನೋಡ್ಬೇಕು. ವರ್ಷ-ತಿಂಗಳು-ದಿನ ಅಂತ 2026-08-07 ಥರ ಬರೆದು ಇಂಪೋರ್ಟ್ ಮಾಡಿದ್ರೆ ಈ ಜಗಳವೇ ಇಲ್ಲ.

ಇನ್ನೊಂದು, ನಿಮ್ಮ ಸಾಫ್ಟ್‌ವೇರ್ ಡೇಟ್ ಜೊತೆ ಟೈಮನ್ನೂ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇಟ್ಕೊಳ್ಳೋದಾದ್ರೆ ಭಾರತದ ನಡುರಾತ್ರಿ 12 ಗಂಟೆ ಅಲ್ಲಿ ಹಿಂದಿನ ದಿನದ 18:30. ರಿಪೋರ್ಟಲ್ಲಿ ಎಲ್ಲಾ ತಾರೀಖೂ ಒಂದು ದಿನ ಹಿಂದೆ ಕಾಣ್ತಿದ್ರೆ ಮೊದಲು ಟೈಮ್‌ಝೋನ್ ಸೆಟ್ಟಿಂಗ್ ನೋಡಿ. ಬರೀ ತಾರೀಖು ಸಾಕಾದ ಕಡೆ ಡೇಟ್ ಟೈಪೇ ಬಳಸಿ, ಡೇಟ್‌ಟೈಮ್ ಬೇಡ.

ಕುಡ್ಲ_ಅಕೌಂಟ್ಸ್
ಬ್ಯಾಂಕ್ ಗ್ಯಾರಂಟಿ ಬಗ್ಗೆ ಯಾರೂ ಹೇಳ್ಲೇ ಇಲ್ಲ ಅಲ್ಲ ಮಾರಾಯ್ರೆ, ದುಡ್ಡು ನೇರ ಹೋಗುದು ಅಲ್ಲಿ. ಅದ್ರಲ್ಲಿ ಎರಡು ದಿನಾಂಕ ಇರ್ತದೆ, ಗ್ಯಾರಂಟಿ ಮುಗಿಯುವ ದಿನ ಒಂದು, ಕ್ಲೇಮ್ ಮಾಡ್ಲಿಕ್ಕೆ ಕೊನೆ ದಿನ ಇನ್ನೊಂದು. ಎರಡನ್ನೂ ಬೇರೆ ಬೇರೆ ಎಂಟ್ರಿ ಮಾಡಿ. ಕ್ಲೇಮ್‌ಗೆ ಇನ್ನೊಂದು ವರ್ಷ ಹೇಗೂ ಉಂಟು ಅಂತ ತುಂಬ ಜನ ಹೇಳ್ತಾರೆ. ಕಾಂಟ್ರ್ಯಾಕ್ಟ್ ಆ್ಯಕ್ಟ್ ಸೆಕ್ಷನ್ 28ಕ್ಕೆ 2013ರಿಂದ ಸೇರಿದ ಮೂರನೇ ವಿನಾಯಿತಿ ನೋಡಿ ಹಾಗೆ ಹೇಳುದು, ಆದ್ರೆ 2021ರಲ್ಲಿ ದೆಹಲಿ ಹೈಕೋರ್ಟ್ ಆ ವಿನಾಯಿತಿ ಕ್ಲೇಮ್ ಅವಧಿಗೆ ಸಂಬಂಧಪಟ್ಟದ್ದಲ್ಲ ಅಂತ ಹೇಳಿದೆ. ಹಾಗಾಗಿ ಗ್ಯಾರಂಟಿ ಪೇಪರಲ್ಲಿ ಯಾವ ದಿನ ಬರ್ದಿದ್ದಾರೋ ಅದನ್ನೇ ಸಿಸ್ಟಮ್‌ಗೆ ಹಾಕುದು, ಅಂದಾಜು ಬೇಡ.

ನಿಮಗೆ ಸಪ್ಲೈಯರ್ ಕೊಟ್ಟ ಗ್ಯಾರಂಟಿ ಆದ್ರೆ ಮುಗಿಯುವ ಮುಂಚೆ ಬ್ಯಾಂಕಿಗೆ ಅವಧಿ ವಿಸ್ತರಿಸಿ ಇಲ್ಲಾ ದುಡ್ಡು ಕೊಡಿ ಅಂತ ಪತ್ರ ಹಾಕ್ಲಿಕ್ಕೆ ಟೈಮ್ ಬೇಕು, ಒಂದು ತಿಂಗಳು ಮುಂಚೆ ರಿಮೈಂಡರ್ ಇಡಿ. ನೀವೇ ಕಸ್ಟಮರಿಗೆ ಕೊಟ್ಟದ್ದಾದ್ರೆ ಕ್ಲೇಮ್ ದಿನ ಕಳೆದ ಮೇಲೆ ಒಂದು ರಿಮೈಂಡರ್ ಇಡಿ, ಒರಿಜಿನಲ್ ವಾಪಸ್ ತಂದು ಬ್ಯಾಂಕಿಗೆ ಕೊಟ್ಟು ಮಾರ್ಜಿನ್‌ಗೆ (ಗ್ಯಾರಂಟಿಗೆ ಅಡವಾಗಿ) ಇಟ್ಟ ಎಫ್‌ಡಿ ಬಿಡಿಸ್ಕೊಳ್ಳಿಕ್ಕೆ. ಈ ಎರಡನೇದನ್ನು ಯಾರೂ ಇಡುದಿಲ್ಲ, ಎಫ್‌ಡಿ ಅಲ್ಲೇ ಲೀನಲ್ಲಿ (ಬ್ಯಾಂಕಿನ ಹಿಡಿತದಲ್ಲಿ) ಕೂತಿರ್ತದೆ. ನೋಟಿಫಿಕೇಶನ್‌ನಲ್ಲಿ "ಡೇಸ್ ಆಫ್ಟರ್" ಕೂಡ ಉಂಟಲ್ಲ, ಅದು ಇದಕ್ಕೇ ಸರಿ.

ಪೀಣ್ಯ_ಅಡ್ಮಿನ್
ಎಲ್ರಿಗೂ ತುಂಬಾ ಥ್ಯಾಂಕ್ಸ್. ಬೆಂಚ್ ಹೇಳಿದ ಹಾಗೆ ಬೇರೆ ಡಾಕ್‌ಟೈಪ್ ಮಾಡಿದೆ, ನೆನಪಿಸೋ ದಿನ ನಾವೇ ಕೈಯಲ್ಲಿ ಹಾಕ್ತೀವಿ, ಜೊತೆಗೆ ಸೋಮವಾರದ ಪಟ್ಟಿ. ಮೇಲಿನೋರಿಗೆ ನವೆಂಬರ್ 30ರ ಉದಾಹರಣೆ ತೋರಿಸ್ದೆ, ಮಾತಾಡ್ದೆ ಒಪ್ಕೊಂಡ್ರು. ಎಂಡ್ ಡೇಟೇ ಇಲ್ದೆ ಯಾರಾದ್ರೂ ಬಿಡೋವರೆಗೂ ಅಂತಿರೋ ಅಗ್ರಿಮೆಂಟ್‌ಗಳಿಗೆ ವರ್ಷಕ್ಕೊಂದು "ರಿವ್ಯೂ" ಎಂಟ್ರಿ ಹಾಕ್ದೆ, ಸರೀನಾ? ಕೊನೇದಾಗಿ, ಅಡೆಂಡಮ್ (ಅಗ್ರಿಮೆಂಟ್‌ಗೆ ಆಮೇಲೆ ಸೇರ್ಸೋ ತಿದ್ದುಪಡಿ ಪತ್ರ) ಬಂದು ಅವಧಿ ಮುಂದಕ್ಕೆ ಹೋದ್ರೆ ಹಳೇ ಎಂಟ್ರಿಗಳನ್ನ ತಿದ್ದೋದಾ, ಅಳಿಸೋದಾ?

ಕರಾರು_ಓದೋಳು
ರಿವ್ಯೂ ಸರಿಯಾಗಿದೆ. ಎನ್‌ಡಿಎಗಳಿಗೆ ಮಾತ್ರ ಎರಡು ದಿನ ಹಾಕಿ, ಅಗ್ರಿಮೆಂಟ್ ಮುಗಿಯೋದು ಒಂದು, ಮುಗಿದ ಮೇಲೂ ಗುಟ್ಟು ಕಾಪಾಡ್ಬೇಕಾದ ಅವಧಿ ಮುಗಿಯೋದು ಇನ್ನೊಂದು. ಅಡೆಂಡಮ್ ಬಂದಾಗ ಅಳಿಸ್ಬೇಡಿ, ತಿದ್ದಲೂಬೇಡಿ. ಹಳೇ ಎಂಟ್ರಿಗೆ "ಅಡೆಂಡಮ್‌ನಿಂದ ಬದಲಾಗಿದೆ" ಅಂತ ಬರೆದು ಮುಗೀತು ಅಂತ ಮಾಡಿ, ಹೊಸ ತಾರೀಖಿಗೆ ಹೊಸ ಎಂಟ್ರಿ ಹಾಕಿ ಅಡೆಂಡಮ್ ಸ್ಕ್ಯಾನ್ ಅದಕ್ಕೇ ಅಟ್ಯಾಚ್ ಮಾಡಿ. ಅಡೆಂಡಮ್‌ನಲ್ಲಿ ಎಂಡ್ ಡೇಟ್ ಮಾತ್ರ ಬದಲಾಗಿ ಬಾಡಿಗೆ ಏರೋ ದಿನ ಹಳೇದೇ ಇರ್ಬಹುದು, ಹಾಗಾಗಿ ಆ ಕಾಂಟ್ರ್ಯಾಕ್ಟ್‌ನ ಎಲ್ಲಾ ಎಂಟ್ರಿಗಳನ್ನೂ ಪೇಪರ್ ಪಕ್ಕದಲ್ಲಿಟ್ಕೊಂಡು ಒಂದೊಂದಾಗಿ ನೋಡಿ.

ಬೆಂಚ್_ಹುಡುಗ
ಮತ್ತೆ ಕಾಂಟ್ರ್ಯಾಕ್ಟ್‌ನ ಎಂಡ್ ಡೇಟನ್ನೂ ಬದಲಾಯಿಸಿ ಸಾರ್. ಆ ದಿನ ದಾಟಿದ್ರೆ ಸ್ಟೇಟಸ್ ಇನ್‌ಆಕ್ಟಿವ್ ಆಗ್ಬಿಡುತ್ತೆ, ಆಗ ಸೋಮವಾರದ ಪಟ್ಟಿಲಿ ಆಕ್ಟಿವ್ ಫಿಲ್ಟರ್ ಇದ್ರೆ ಅದು ಕಾಣೋದೇ ಇಲ್ಲ.